ಹಿಡಿಕೆ ಪೂರ್ವಕ್ಕೆ, ಕಣ್ಣು ಆಕಾಶಕ್ಕೆ

“ಯಂತ್ರದ ಹಿಡಿಕೆಯು ಪೂರ್ವ ದಿಕ್ಕಿಗೆ ಇರುತ್ತದೆ.”

ಪೇಟೆಂಟ್ ಕಚೇರಿಗೆ ಹೋದ ನಮ್ಮ ಅರ್ಜಿಯ ಎರಡನೆಯ ಪುಟದಲ್ಲಿ ಈ ವಾಕ್ಯವಿತ್ತು. ಇಂಗ್ಲಿಷಿನಲ್ಲಿತ್ತು, ವ್ಯಾಕರಣ ಸರಿಯಿತ್ತು, ಸ್ಪೆಲಿಂಗನ್ನು ಮೂರು ಸಲ ನೋಡಿ ಮೀಸೆ ತಿರುವಿಕೊಂಡಿದ್ದೆ. ತಿರುವುವಷ್ಟು ಮೀಸೆ ಇನ್ನೂ ಬಂದಿರಲಿಲ್ಲ ಎನ್ನುವುದು ಬೇರೆ ಮಾತು. ಬರೆದ ಮಹಾನುಭಾವ ನಾನು. ಹೇಳಿ ಬರೆಸಿದವನು ನಮ್ಮ ಕಾಕಾ.

ಕಾಕಾನಿಗೆ ಮೂಡಲಗಿಯಲ್ಲಿ ವೆಲ್ಡಿಂಗ್ ಶೆಡ್ಡಿದೆ. ಎಡ, ಬಲ ಎನ್ನುವ ಮಾತುಗಳು ಅವನಿಗೆ ಗೊತ್ತಿಲ್ಲವೆಂದಲ್ಲ. ಅವು ಸಾಲಿ ಹುಡುಗರಿಗೆ ಕವಾಯತು ಮಾಡಿಸಲು ಹುಟ್ಟಿದ ಮಾತುಗಳು ಎಂದು ಅವನ ನಂಬಿಕೆ. ಊಟಕ್ಕೆ ಕೂತರೂ “ಉಪ್ಪಿನಕಾಯಿ ಚೂರು ತೆಂಕಲಕ ಸರಸು” ಎನ್ನುತ್ತಾನೆ. ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು “ಪಡವಲ ಕಡೀ ದವಡಿ ಹಲ್ಲ್ರಿ” ಅಂದಿದ್ದನೆಂದೂ, ಡಾಕ್ಟರು ಕುರ್ಚಿ ತಿರುಗಿಸಿದ್ದರಿಂದ ಒಳ್ಳೆಯ ಹಲ್ಲು ಕಳೆದುಕೊಂಡನೆಂದೂ ನಾನು ಅವನ ದನಿಯಲ್ಲೇ ಊರೆಲ್ಲ ಹೇಳಿಕೊಂಡು ಬಂದಿದ್ದೇನೆ. ಕುರ್ಚಿ ತಿರುಗಿದ್ದು ನನ್ನ ಸೇರ್ಪಡೆ, ಉಳಿದದ್ದು ಖರೆ. ಊರಿನ ಹೆಸರಿನಲ್ಲೇ ಮೂಡಲವನ್ನು ಇಟ್ಟುಕೊಂಡವರಿಗೆ ಬೇರೆಯವರಂತೆ ಕೈ ನೋಡಿಕೊಂಡು ದಿಕ್ಕು ಹೇಳುವ ದರ್ದು ಏನಿದೆ?

ಆದರೆ ಕೆಲಸದಲ್ಲಿ ಅವನನ್ನು ಅಣಕಿಸಲು ನನಗೆ ಇದುವರೆಗೂ ಆಗಿಲ್ಲ. ಕಬ್ಬಿನ ಸಸಿ ಮಾಡುವವರು ಗೆಣ್ಣಿನ ಮೇಲಿರುವ ಮೊಳಕೆಯನ್ನು ಚಿಪ್ಪಿನಂತೆ ಕೆತ್ತಿ ತೆಗೆದು ನೆಡುತ್ತಾರೆ. ಆ ಮೊಳಕೆಗೆ ನಾವು ಕಣ್ಣು ಎನ್ನುತ್ತೇವೆ. ಕಬ್ಬಿನ ಕಣ್ಣುಗಳು ಒಂದೇ ಸಾಲಿನಲ್ಲಿರುವುದಿಲ್ಲ. ಒಂದು ಗೆಣ್ಣಿನದು ಈ ಮಗ್ಗುಲಿಗಿದ್ದರೆ ಮುಂದಿನದು ಆ ಮಗ್ಗುಲಿಗೆ. ಕೆತ್ತುವವನು ಪ್ರತಿ ಸಲ ಕಬ್ಬನ್ನು ಕೈಯಿಂದ ಹೊರಳಿಸಬೇಕು, ಸ್ವಲ್ಪ ತಪ್ಪಿದರೆ ಅಲಗು ಕಣ್ಣನ್ನೇ ಸೀಳುತ್ತದೆ. ಕಾಕಾ ಮಾಡಿದ ಯಂತ್ರದಲ್ಲಿ ಹಿಡಿಕೆ ಒತ್ತಿದರೆ ಅಲಗು ಇಳಿದು ಕಣ್ಣನ್ನು ಕೆತ್ತುತ್ತದೆ. ಕೈ ಬಿಟ್ಟರೆ ಎರಡು ರೂಳುಗಳು, ಎಂದರೆ ರೋಲರುಗಳು, ಕಬ್ಬನ್ನು ಮುಂದೆ ತಳ್ಳಿ, ತಾವೇ ಅರ್ಧ ಸುತ್ತು ಹೊರಳಿಸಿ, ಮುಂದಿನ ಕಣ್ಣನ್ನು ಮೇಲಕ್ಕೆ ತಂದು ನಿಲ್ಲಿಸುತ್ತವೆ. ಇಷ್ಟೇ. ಇಷ್ಟಕ್ಕೆ ಅವನಿಗೆ ಮೂರು ಮಳೆಗಾಲ ಹಿಡಿದವು.

ಇದಕ್ಕೆ ಪೇಟೆಂಟ್ ಏಕೆ ಬೇಕಾಯಿತು ಎಂದರೆ, ಹಿಂದೊಮ್ಮೆ ಅವನು ಗೋವಿನಜೋಳ ಹಸನು ಮಾಡುವ ಜರಡಿಯೊಂದನ್ನು ಮಾಡಿದ್ದ. ಕೌಜಲಗಿಯಿಂದ ಘೋಡಗೇರಿಯವರೆಗೆ ಕಂಡಕಂಡ ಶೆಡ್ಡಿನವರು ಅದನ್ನೇ ಮಾಡತೊಡಗಿದರು. ಅದಕ್ಕೂ ಕಾಕಾ ಬೇಸರ ಮಾಡಿಕೊಂಡವನಲ್ಲ. ಒಂದು ದಿನ ತುಕ್ಕಾನಟ್ಟಿಯ ಗಿರಾಕಿಯೊಬ್ಬ ಇವನ ಶೆಡ್ಡಿಗೇ ಬಂದು, “ಘೋಡಗೇರ್ಯಾಗ ಒಂದ ಜರಡಿ ಮಾಡ್ಯಾರ್ರಿ, ಹೋಗಿ ನೋಡಿ ಬರ್ರಿ. ಹಂಗ ಮಾಡಾಕ ನಿಮಗ ಜಮಾಸತೈತೇನು?” ಎಂದು ಕೇಳಿದ. ಕಾಕಾ ಅಂದು ಊಟ ಮಾಡಲಿಲ್ಲ. ಕಬ್ಬಿನ ಯಂತ್ರ ಮುಗಿದ ದಿನ ನನಗೆ ಹೇಳಿದ: “ಇದಾದ್ರೂ ನಂದು ಅಂತ ಒಂದ ಹಾಳ್ಯಾಗ ಬರದ ಇಟ್ಟಿರಬೇಕು ನೋಡಪಾ.”

ಆ ಹಾಳೆಯ ಜವಾಬ್ದಾರಿ ನನ್ನ ತಲೆಗೆ ಬಂತು. ನಮ್ಮ ಮನೆತನದಲ್ಲಿ ಡಿಪ್ಲೊಮಾ ಮೆಕ್ಯಾನಿಕಲ್ ಓದಿದವನು ನಾನೊಬ್ಬನೇ. ಒಂದು ವಿಷಯ ಬಾಕಿಯಿತ್ತು, ಅದು ಡ್ರಾಯಿಂಗ್. ಅದೇ ಅರ್ಹತೆಯ ಮೇಲೆ ಗೋಕಾಕದ ಫ್ಲೆಕ್ಸ್ ಅಂಗಡಿಯಲ್ಲಿ ಹುಟ್ಟುಹಬ್ಬದ ಬ್ಯಾನರ್ ಡಿಸೈನ್ ಮಾಡುತ್ತೇನೆ. ವಕೀಲರು ಯಾಕೆ, ಏಜೆಂಟರು ಯಾಕೆ, ಅರ್ಜಿ ನಾವೇ ಹಾಕಬಹುದು ಎಂದು ಎಲ್ಲೋ ಓದಿದವನೂ ನಾನೇ. ಹಾಕಬಹುದು, ಸುಳ್ಳಲ್ಲ. ಈಜು ಬಾರದವರೂ ಘಟಪ್ರಭೆಗೆ ಇಳಿಯಬಹುದು.

ಚಿತ್ರ ಬೇಕೆಂದರು, ನನಗೆ ಬರುವ ಚಿತ್ರ ಮಾಡಿದೆ. ಯಂತ್ರಕ್ಕೆ ನೆರಳು ಬಿಟ್ಟೆ, ಅಲಗಿಗೆ ಮಿಂಚು ಹಚ್ಚಿದೆ, ಹಿಂದೆ ಗೋಕಾಕದ ಜಲಪಾತವನ್ನು ಸುರಿಸಿದೆ. ಮೂಲೆಯಲ್ಲಿ ಕಪ್ಪು ಕನ್ನಡಕ ಹಾಕಿದ ಕಾಕಾನನ್ನು ನಿಲ್ಲಿಸಿದ್ದೆ. ಇದು ಸರ್ಕಾರಿ ಕಾಗದ ಎಂದು ಆಮೇಲೆ ನೆನಪಾಗಿ ಕನ್ನಡಕ ಮಾತ್ರ ತೆಗೆದೆ. ಭಾಗಗಳಿಗೆ ನಂಬರು ಹಾಕಬೇಕು ಎಂದಿತ್ತು, ಹಾಕಿದೆ. ಅಲಗಿಗೆ ಬರಹದಲ್ಲಿ ನಾಲ್ಕು, ಚಿತ್ರದಲ್ಲಿ ಏಳು. ಬರಹದಲ್ಲಿ ಏಳು ಎಂದರೆ ಸ್ಪ್ರಿಂಗು. ಪೂರ್ವ ಎಂದು ಬರೆದದ್ದು ಓದುವವರಿಗೆ ತಿಳಿಯಲಿ ಎಂದು, ಹೊಲದ ನಕ್ಷೆಗೆ ಹಾಕುವಂತೆ ಚಿತ್ರದ ಮೇಲೊಂದು ಉತ್ತರ ದಿಕ್ಕಿನ ಬಾಣವನ್ನೂ ಹಾಕಿದೆ. ಬುದ್ಧಿವಂತಿಕೆ ಎಲ್ಲಿ ಬಂದು ಒದೆಯುತ್ತದೆ ಎಂದು ಮೊದಲೇ ಗೊತ್ತಾಗುವುದಿಲ್ಲ.

ಬರಹವನ್ನು ಕಾಕಾ ಹೇಳಿದ ಹಾಗೇ ಇಂಗ್ಲಿಷಿಗೆ ಇಳಿಸಿದ್ದೆ. “ಅದರ ಬಾಜೂಕ ಇದು ಬರತೈತಿ, ಇದನ್ನ ಒತ್ತಿದ್ರ ಅದು ಇಳೀತೈತಿ” ಎಂದು ಅವನು ಹೇಳಿದರೆ ನಾನೂ ಹಾಗೇ ಅದು, ಇದು ಎಂದು ಬರೆದೆ. ನಡುವೆ ಅವನು, “ಕೆತ್ತೂ ಮುಂದ ಕಣ್ಣು ಆಕಾಶ ನೋಡ್ತಿರಬೇಕು” ಅಂದ. ಕೀಲಿಮಣೆಯ ಮೇಲೆ ಬಿದ್ದು ನಕ್ಕೆ. ನಕ್ಕು, ಅದನ್ನೂ ಬರೆದೆ. ಕಚೇರಿಯವರೂ ನಗಲಿ, ಪಾಪ, ದಿನವೆಲ್ಲ ನಟ್ಟು ಬೋಲ್ಟು ಓದಿ ಸಾಯುತ್ತಿರುತ್ತಾರೆ ಎಂದು.

ಅವರು ನಗಲಿಲ್ಲ. ಅರ್ಜಿಯ ಮೇಲೆ ನನ್ನ ಇಮೇಲ್ ಕೊಟ್ಟಿದ್ದೆ, ಪಿಯುಸಿಯಲ್ಲಿದ್ದಾಗ ‘ಮಿಮಿಕ್ರಿ ಮಹಾರಾಜ’ ಎಂದು ತೆರೆದದ್ದು. ಮಹಾರಾಜರು ದಿನಾ ಟಪಾಲು ನೋಡುತ್ತಾರೆಯೇ? ಪರೀಕ್ಷಕರ ಆಕ್ಷೇಪಣೆಯ ಪತ್ರ ಬಂದು ಬಿದ್ದಿತ್ತು. ಉತ್ತರ ಕೊಡಲು ಆರು ತಿಂಗಳು, ಕೊಡದಿದ್ದರೆ ಅರ್ಜಿಯನ್ನು ಕೈಬಿಟ್ಟ ಹಾಗೆ. ನಾನು ಅದನ್ನು ತೆರೆದಾಗ ನಾಲ್ಕೂವರೆ ತಿಂಗಳು ಕಳೆದಿತ್ತು.

ಮೂಡಲಗಿಗೆ ಓಡಿದೆ. ಹೆದರಿಕೆಯಾದಾಗ ನನಗೆ ಬೇರೆಯವರ ದನಿ ಬರುತ್ತದೆ. ಪರೀಕ್ಷಕರನ್ನು ನಾನು ಕಂಡವನಲ್ಲ, ಆದರೂ ಮೂಗಿನಿಂದ ಗುಡುಗುವ ದನಿಯೊಂದನ್ನು ಅವರಿಗೆ ದಯಪಾಲಿಸಿ ಪತ್ರ ಓದಿದೆ: “ಪೂರ್ವ ಎಂಬುದು ಅಸ್ಪಷ್ಟ. ಯಂತ್ರವನ್ನು ತಿರುಗಿಸಿದರೆ ಹಿಡಿಕೆ ಎತ್ತ ಇರುತ್ತದೆ? ಚಿತ್ರದ ಬಾಣದ ಪ್ರಕಾರ ಹಿಡಿಕೆ ಪಶ್ಚಿಮಕ್ಕಿದೆ. ಚಿತ್ರಗಳಲ್ಲಿ ಬಣ್ಣ, ನೆರಳು, ನೀರು ಮತ್ತು ಒಬ್ಬ ಮನುಷ್ಯ ಏಕೆ? ನಂಬರುಗಳು ತಾಳೆಯಾಗುತ್ತಿಲ್ಲ. ಆಕಾಶ ನೋಡುವ ಕಣ್ಣು ಯಾರದು?”

“ತಿರಗಸೂದು ಯಾಕ?” ಕಾಕಾ ಕೇಳಿದ. “ಮಷೀನ್ ಏನ್ ಬುಗುರಿ ಐತೇನು? ಇಟ್ಟಲ್ಲೇ ಇರತೈತಿ.”

“ಮತ್ತ ಚಿತ್ರದಾಗ ಹಿಡಿಕಿ ಪಡವಲಕ ಹ್ಯಾಂಗ ಬಂತ್ರಿ, ಕಾಕಾ?”

“ನೀ ತಲಿ ಪಡವಲಕ ಮಾಡಿ ಮಲಗಿದ್ದಿ, ಅದಕ ಬಂತು.”

“ನಾ ಶೆಡ್ಡಿನ ಫೋಟೋ ನೋಡೇ ತಗದೇನ್ರಿ. ಫೋಟೋದಾಗ ಹಂಗ ಐತಿ.”

ಶೆಡ್ಡಿಗೆ ಹತ್ತಿದ ಮನೆಯೊಳಗಿಂದ ಕಾಕಾನ ಹೆಂಡತಿ ಕಾಕು ತಣ್ಣಗೆ ಹೇಳಿದಳು: “ನಾನೇ ಹೊರಳಿಸಿದ್ನಿ. ಬ್ಯಾಸಗ್ಯಾಗ ಸಂಡಿಗಿ ಒಣಗಸಾಕ ಬಿಸಲ ಬೇಕಾಗಿತ್ತು. ಹಿಡಿಕಿ ಅಡ್ಡ ಬರತಿತ್ತು.”

ಬರೆದದ್ದು ಚಳಿಗಾಲದಲ್ಲಿ, ಫೋಟೋ ಹಿಡಿದದ್ದು ಬೇಸಿಗೆಯಲ್ಲಿ, ನಡುವೆ ಸಂಡಿಗೆ. ನಾನು ಜೋರಾಗಿ ನಗಬೇಕೆಂದು ಬಾಯಿ ತೆರೆದೆ. ಕಾಕಾ ಯಂತ್ರದ ರೂಳಿನ ಮೇಲೆ ಕೈಯಿಟ್ಟು ಕೂತಿದ್ದ. “ಅಂದ್ರ ಇದೂ ಜರಡಿ ಹಾದೀನ ಹಿಡೀತು ಅನ್ನು” ಎಂದ. ನನ್ನಲ್ಲಿದ್ದ ಅಷ್ಟೂ ದನಿಗಳು ಒಮ್ಮೆಗೇ ಕೂತುಹೋದವು.

ಡ್ರಾಯಿಂಗ್ ತಿಳಿದವರು ಎಂದರೆ ನನಗೆ ಗೊತ್ತಿದ್ದವರು ಒಬ್ಬರೇ, ನನ್ನನ್ನು ಅದೇ ವಿಷಯದಲ್ಲಿ ಫೇಲು ಮಾಡಿದ ಅಕ್ಕೋರು. ನಿವೃತ್ತರಾಗಿ ಹುಕ್ಕೇರಿಯಲ್ಲಿದ್ದರು. ಕಾಲೇಜಿನಲ್ಲಿ ಅವರ ಬೆನ್ನ ಹಿಂದೆ, ಅವರದೇ ದನಿಯಲ್ಲಿ, “ರೇಖಿ ಅಂದ್ರ ಮಾತು ಇದ್ದಂಗ, ದಪ್ಪ ಎಳದ್ರ ಒದರಿದಂಗ” ಎನ್ನುವುದು ನನ್ನ ದಿನದ ಕಾರ್ಯಕ್ರಮವಾಗಿತ್ತು. ಕಾಕಾನನ್ನು ಕರೆದುಕೊಂಡು ಹೋಗಿ ಬಾಗಿಲಲ್ಲಿ ನಿಂತೆ.

“ನನ್ನ ದನಿ ಈಗೂ ತಗೀತಿಯೇನು?” ಅಕ್ಕೋರು ಕೇಳಿದರು.

“ಇಲ್ರಿ ಅಕ್ಕೋರ, ಬಿಟ್ಟೇನ್ರಿ.”

“ಯಾಕ ಬಿಟ್ಟಿ? ಅದೊಂದ್ರಾಗರ ಪಾಸ್ ಆಗಿದ್ದಿ.”

ಚಹಾ ಕೊಟ್ಟರು. ಚಿತ್ರ ತೆಗೆದು ತೋರಿಸಲು ಹೋದರೆ ಕೈ ಅಡ್ಡ ಹಿಡಿದರು. “ಚಿತ್ರ ಬ್ಯಾಡ. ಬರದದ್ದಷ್ಟ ಕನ್ನಡದಾಗ ಓದು.” ಗೋಡೆಯ ಕಡೆಗೆ ಹೊರಳಿ ಹಾಳೆ ಹಾಸಿಕೊಂಡು ಪೆನ್ಸಿಲ್ ಹಿಡಿದು ಕೂತರು. ನಾನು ಓದುತ್ತ ಹೋದೆ, ಅವರು ಕೇಳಿದ್ದನ್ನು ಕೇಳಿದ ಹಾಗೇ ಎಳೆಯುತ್ತ ಹೋದರು. ಓದಿ ಮುಗಿದ ಮೇಲೆ ಹಾಳೆಯನ್ನು ನಮ್ಮ ಕಡೆಗೆ ತಿರುಗಿಸಿದರು. ಅಲಗು ಸ್ಪ್ರಿಂಗಿನ ಒಳಗೆ ಹೊಕ್ಕಿತ್ತು. ಹಿಡಿಕೆ ಯಂತ್ರದ ಮುಂದೆ ಕೂತವನ ಹೊಟ್ಟೆಯೊಳಗಿಂದ ಹೊರಟಿತ್ತು. ಕೂತವನು ಕತ್ತು ಎತ್ತಿ ಆಕಾಶ ನೋಡುತ್ತಿದ್ದ, ದೇವರೇ ಕಾಪಾಡಬೇಕು ಎನ್ನುವವನ ಹಾಗೆ.

“ಇದು ನನ್ನ ಮಷೀನ್ ಅಲ್ರಿ, ಅಕ್ಕೋರ” ಎಂದ ಕಾಕಾ.

“ನಂದೂ ಅಲ್ರಿ. ನಿಮ್ಮ ಹಾಳಿ ಹೇಳಿದ್ದು ಇದನ್ನ. ಅಲ್ಲಿ ಕೂತವರಿಗೆ ನಿಮ್ಮ ಶೆಡ್ಡು ಕಾಣೂದಿಲ್ಲ, ನಿಮ್ಮ ಸೂರ್ಯ ಕಾಣೂದಿಲ್ಲ. ಹಾಳಿ ಅಷ್ಟ ಕಾಣತೈತಿ.”

ಅಕ್ಕೋರು ಪೆನ್ಸಿಲ್ ಕೆಳಗಿಟ್ಟು ಕೇಳಿದರು: “ಒಂದ ಹೇಳ್ರಿ. ಮಷೀನ್ ಎತ್ತಾಗರ ಹೊರಳಿಸಿರಿ, ಅದರಾಗ ಹೊರಳದಂಗ ಇರೂದು ಯಾವದು?”

ಅವನು ಕಣ್ಣು ಮುಚ್ಚಿದ. ಮಂಡಿಯ ಮೇಲಿದ್ದ ಕೈ ಕಾಣದ ಹಿಡಿಕೆಯೊಂದನ್ನು ಒತ್ತಿತು, ಬಿಟ್ಟಿತು, ಮತ್ತೆ ಒತ್ತಿತು. “ಕಣ್ಣ್ರಿ” ಎಂದ. “ಮೂಡಲಕ ಇಡ್ರಿ, ಪಡವಲಕ ಇಡ್ರಿ. ಅಲಗು ಇಳಿಯೂ ಮುಂದ ಕಬ್ಬಿನ ಕಣ್ಣು ಮ್ಯಾಲೇ ನೋಡ್ತಿರಬೇಕು. ಇಲ್ಲಂದ್ರ ಅದು ನನ್ನ ಮಷೀನ್ ಅಲ್ಲ.”

“ಹಂಗಾರ ಅಲ್ಲಿಂದ ಶುರು ಮಾಡ್ರಿ.”

ಆಗ ನನಗೆ ಇನ್ನೊಂದು ತೊಡಕು ನೆನಪಾಯಿತು. ಇದ್ದದ್ದನ್ನು ಸ್ಪಷ್ಟ ಮಾಡಬಹುದು, ಮೊದಲ ಅರ್ಜಿಯಲ್ಲಿ ಇಲ್ಲದ್ದನ್ನು ಈಗ ಸೇರಿಸುವ ಹಾಗಿಲ್ಲ ಎಂದು ನಿಯಮದಲ್ಲಿ ಓದಿದ್ದೆ. ಹೇಳಿದೆ. “ಈ ಮಾತು ಮೊದಲಿನ ಅರ್ಜ್ಯಾಗ ಐತೇನು?” ಎಂದು ಅಕ್ಕೋರು ಕೇಳಿದರು. ಇತ್ತು. ಒಂದೇ ಒಂದು ಸಾಲಿನಲ್ಲಿತ್ತು. ಕಚೇರಿಯವರು ನಗಲಿ ಎಂದು ನಾನು ಉಳಿಸಿಕೊಂಡಿದ್ದ ಸಾಲು. ಇಡೀ ಅರ್ಜಿಯಲ್ಲಿ ಕಾಕಾನ ಯಂತ್ರವನ್ನು ಸರಿಯಾಗಿ ಹೇಳಿದ್ದು ಅದೊಂದೇ, ನಾನು ಅದನ್ನು ಹಾಸ್ಯವೆಂದು ತಿಳಿದಿದ್ದೆ.

ಆಮೇಲೆ ಗೋಕಾಕದಿಂದ ಹುಕ್ಕೇರಿಗೆ ಎಷ್ಟು ಸಲ ಬಸ್ಸು ಹತ್ತಿದೆನೋ. ಬರಹದಲ್ಲಿ ಕಣ್ಣು ಹೋಗಿ ಮೊಳಕೆಯಾಯಿತು. ಮೊಳಕೆ ಮೇಲ್ಮುಖ, ಅದರ ನೇರ ಮೇಲೆ ಅಲಗು, ಕಬ್ಬಿನ ಕೆಳಗೆ ರೂಳುಗಳು, ಕಬ್ಬು ಒಳಹೋಗುವ ತುದಿಯಲ್ಲಿ ನಿಂತು ಕಬ್ಬಿನ ಉದ್ದಕ್ಕೆ ನೋಡಿದರೆ ಬಲಕ್ಕೆ ಹಿಡಿಕೆ. ಜಲಪಾತ ಬತ್ತಿತು. ಕಾಕಾನೂ ಚಿತ್ರದಿಂದ ಇಳಿದುಹೋದ. ಬರೀ ಕಪ್ಪು ಗೆರೆ ಉಳಿಯಿತು. “ಒಂದ ಸಾಮಾನಿಗೆ ಒಂದ ಹೆಸರು, ಒಂದ ನಂಬರು. ನಿನ್ನಂಗ ಹತ್ತ ದನಿ ಬ್ಯಾಡ” ಎಂದು ಅಕ್ಕೋರು ಏಳು ಸಲ ಅಳಿಸಿಸಿದರು. ದಪ್ಪ ಗೆರೆ ಎಳೆದಾಗೆಲ್ಲ, “ಕಿವಿ ಕೇಳತಾವು ನನಗ, ಒದರಬ್ಯಾಡ” ಎಂದರು. ಗಡುವಿಗೆ ಒಂಬತ್ತು ದಿನ ಇರುವಾಗ ಉತ್ತರ ಕಳಿಸಿದೆವು.

ಕೆಲವು ತಿಂಗಳ ನಂತರ ವಿಡಿಯೋದಲ್ಲಿ ವಿಚಾರಣೆಗೆ ಕರೆದರು. ಈ ಸಲ ಮಹಾರಾಜರು ದಿನಕ್ಕೆ ಎರಡು ಸಲ ಟಪಾಲು ನೋಡುತ್ತಿದ್ದರು. ಶೆಡ್ಡಿನಲ್ಲಿ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಮೂಗಿನ ಗುಡುಗಿಗೆ ಸಿದ್ಧನಾಗಿ ಕೂತೆ. ಅಧಿಕಾರಿ ಮಾತಾಡಿದರು. ಮಲಗಿದ ಕೂಸು ಎದ್ದೀತು ಎನ್ನುವಂಥ ಮೆತ್ತಗಿನ ದನಿ. ತಿಂಗಳುಗಟ್ಟಲೆ ನಾನು ಅಣಕಿಸಿದ್ದು ಯಾರನ್ನೋ!

ಅವರು ಇಂಗ್ಲಿಷಿನಲ್ಲಿ ಕೇಳಿದರು, ನಾನು ಕಾಕಾನಿಗೆ ಹೇಳಿದೆ: “ಮಷೀನ್ ಬಾಜೂಕೇ ಇದ್ರ ಒಮ್ಮೆ ತಿರಗಿಸಿ ತೋರಸ್ರಿ ಅಂತಾರ.”

ಕಾಕಾ ನನ್ನನ್ನು ನೋಡಿದ. ಇಟ್ಟಲ್ಲೇ ಇರುವ ಯಂತ್ರ. ಕಾಕು ಬಂದು ಸಂಡಿಗೆಯ ಚಾಪೆ ಎಳೆದು ಜಾಗ ಮಾಡಿದಳು. ಮೂವರೂ ಸೇರಿ ಯಂತ್ರವನ್ನು ಹೊರಳಿಸಿ ಹಿಡಿಕೆ ಪಡವಲಕ್ಕೆ ಮಾಡಿದೆವು. ಕಾಕಾ ಕಬ್ಬು ಇಟ್ಟು ಒತ್ತಿದ, ಚಿಪ್ಪು ಬಿತ್ತು. ಕೈ ಬಿಟ್ಟ, ಕಬ್ಬು ಅರ್ಧ ಸುತ್ತು ಹೊರಳಿತು, ಮುಂದಿನ ಕಣ್ಣು ಮೇಲೆ ಬಂದು ನಿಂತಿತು. ಅವರು ಕೇಳದೆಯೇ ತೆಂಕಲಕ್ಕೆ ಹೊರಳಿಸಿದ, ಒತ್ತಿದ. ಬಡಗಲಕ್ಕೆ ಹೊರಳಿಸಿದ, ಒತ್ತಿದ. ಮೈಯೆಲ್ಲ ಬೆವರು. ಕಣ್ಣು ಪ್ರತಿ ಸಲವೂ ಶೆಡ್ಡಿನ ತಗಡು ನೋಡುತ್ತ ನಿಂತಿತ್ತು.

ಅಧಿಕಾರಿ ನಮ್ಮ ವಾಕ್ಯವನ್ನು ತಾವೇ ಒಮ್ಮೆ ಓದಿಕೊಂಡರು. ಒಂದು ಮಾತು ಹೇಳಿದರು.

“ಏನಂದ್ರು?” ಎಂದ ಕಾಕಾ.

“ತಿಳೀತಂತ್ರಿ.”

“ಖರೇನ ತಿಳೀತಂತ?”

“ಖರೇನ್ರಿ.”

ಅವನು ಯಂತ್ರದ ಹಿಂದೆ ಹೋಗಿ, ಬಹಳ ಹೊತ್ತು, ಸಡಿಲವೇ ಆಗಿರದ ಬೋಲ್ಟೊಂದನ್ನು ಬಿಗಿ ಮಾಡಿದ.

ಪೇಟೆಂಟಿನ ಪ್ರಮಾಣಪತ್ರ ಬಂದ ದಿನ ಅದನ್ನು ಅಂಗಡಿಯಲ್ಲೇ ಪ್ರಿಂಟು ತೆಗೆದು, ಜಲಪಾತ ಹಾಕದೆ, ಮೂಡಲಗಿಗೆ ಒಯ್ದೆ. ಕಾಕಾ ಕೈ ಒರೆಸಿಕೊಂಡು ಹಾಳೆ ಹಿಡಿದ. ಇಂಗ್ಲಿಷು, ಹಿಂದಿ, ಮುದ್ರೆ ಎಲ್ಲ ಮೇಲಿಂದ ಕೆಳಗೆ ನೋಡಿದ.

“ನನ್ನ ಹೆಸರ ಎಲ್ಲೈತಿ?”

“ಅಲ್ಲೇ ಮ್ಯಾಲ ಐತಲ್ರಿ, ಬಲಕ್ಕ.”

ಅವನು ಹಾಳೆಯನ್ನು ನಿಧಾನವಾಗಿ ತಲೆಕೆಳಗು ಮಾಡಿ ಹಿಡಿದ. ಕಾಕು ಸಂಡಿಗೆ ಬಿಡಿಸುವುದನ್ನು ನಿಲ್ಲಿಸಿ ನೋಡಿದಳು.

“ಈಗ?” ಎಂದ ಕಾಕಾ, ಮೂಗಿನಿಂದ ಗುಡುಗುತ್ತ. “ಅಸ್ಪಷ್ಟ ಐತಿ. ಸರಿಯಾಗಿ ಹೇಳು.”