ಅತ್ತಿಗೆಯ ಬಾಲದ ಬಟ್ಟೆಗಳು

ಆ ಗ್ಯಾರೇಜಿನಲ್ಲಿ ಅವಳನ್ನು ಎಲ್ಲರೂ ಅತ್ತಿಗೆ ಅಂತಲೇ ಕರೆಯುತ್ತಿದ್ದರು. ಗ್ಯಾರೇಜ್ ಮೈದುನನದು, ಅವನ ಬಾಯಲ್ಲಿದ್ದದ್ದು ಗಿರಾಕಿಗಳ ಬಾಯಿಗೂ ಹತ್ತಿತು. ಹನ್ನೆರಡು ವರ್ಷದ ಹಿಂದೆ ಸೀಟಿನ ಕವರ್ ಹೊಲಿಯಲು ಬಂದವಳು, ಬಿಡುವು ಸಿಕ್ಕಾಗ ಬಾನೆಟ್ಟಿನೊಳಗೆ ಇಣುಕಿದಳು. ಇಣುಕಿದವಳು ನಟ್ಟು ಬಿಗಿಯುವ ಪಾನಾ ಹಿಡಿದಳು, ಹಿಡಿದವಳು ಬಿಡಲಿಲ್ಲ. ಈಗ ಎಂಜಿನ್ ಬಿಚ್ಚಿ ಕೂಡಿಸುವುದರಲ್ಲಿ ಅವಳನ್ನು ಮೀರಿಸುವವರು ಆ ಬೀದಿಯಲ್ಲಿ ಇರಲಿಲ್ಲ. ಮೈದುನನೂ ಮೀರಿಸುತ್ತಿರಲಿಲ್ಲ, ಆದರೆ ಅದನ್ನು ಅವನಿಗೆ ಹೇಳುವವರು ಯಾರು?

ಪ್ರತಿ ಗಾಡಿಗೂ ಒಂದು ಕೆಲಸದ ಚೀಟಿ ಇರುತ್ತಿತ್ತು. ಅದರ ಕೆಳಭಾಗದಲ್ಲಿ ‘ಕೆಲಸ ಮಾಡಿದವರು’ ಅಂತ ಒಂದು ಉದ್ದ ಗೆರೆ, ಅದರಡಿ ‘ಸಹಾಯಕರು’ ಅಂತ ಒಂದು ಗಿಡ್ಡ ಗೆರೆ. ಮೊಣಕೈವರೆಗೆ ಮಸಿ ಯಾರಿಗೆ ಹತ್ತಿದ್ದರೂ ಸರಿ, ಉದ್ದ ಗೆರೆ ಮೈದುನನಿಗೆ, ಗಿಡ್ಡ ಗೆರೆ ಅತ್ತಿಗೆಗೆ. ಮೈದುನ ಕೆಟ್ಟವನಲ್ಲ. ಮೊದಲಿಂದ ಹಾಗೆ ನಡೆದು ಬಂದಿತ್ತು, ನಡೆಸಿಕೊಂಡು ಹೋಗುತ್ತಿದ್ದ, ಅಷ್ಟೇ. ಅವಳಿಗೆ ಮಾತ್ರ ಅದು ಒಳಗೊಳಗೇ ಕೊರೆಯುತ್ತಿತ್ತು.

ಹಲ್ಲಿನ ಡಾಕ್ಟರು ತಮ್ಮ ಕೆಂಪು ಸ್ಪೋರ್ಟ್ಸ್ ಕಾರಿನಲ್ಲಿ ದೊಡ್ಡದೊಂದು ರಟ್ಟಿನ ಪೆಟ್ಟಿಗೆ ತಂದಿಳಿಸಿದ ದಿನ ಅವಳು ಬಾಯಿಬಿಟ್ಟು ಕೇಳಿಯೇಬಿಟ್ಟಳು. ಪೆಟ್ಟಿಗೆಯಲ್ಲಿದ್ದದ್ದು ಟರ್ಬೊ ಕಿಟ್. ಎಂಜಿನ್ ಹೊರಗೆ ಬಿಸಾಡುವ ಹೊಗೆಯ ರಭಸಕ್ಕೆ ಪುಟ್ಟದೊಂದು ಚಕ್ರ ತಿರುಗಬೇಕು, ಅದರ ಜೋಡಿ ಚಕ್ರ ಎಂಜಿನ್ನಿಗೆ ಇನ್ನಷ್ಟು ಗಾಳಿ ತುರುಕಬೇಕು. ಕಾರು ತಯಾರಾಗುವಾಗ ಇಲ್ಲದ್ದನ್ನು ಆಮೇಲೆ ಕೂಡಿಸುವ ನಾಜೂಕಿನ ಕೆಲಸ.

“ಇದನ್ನ ನಾನು ಕೂರಿಸ್ತೀನಿ. ಮೇಲಿನ ಗೆರೆಯಲ್ಲಿ ನನ್ನ ಸಹಿ ಇರ್ಬೇಕು,” ಅಂದಳು.

ಮೈದುನ ಕಿವಿಯ ಹಿಂದೆ ಕೆರೆದುಕೊಂಡ. “ಆಗ್ಲಿ ಅತ್ತಿಗೆ. ಆದ್ರೆ ಈ ಟರ್ಬೊ ಹಾಳಾದ್ರೆ ಇಂಥದ್ದು ಇನ್ನೊಂದು ಸಿಗಲ್ಲ. ಕೆಡಿಸಿದ್ರೆ ಮತ್ತೆ ಮೇಲಿನ ಗೆರೆ ಮಾತೆತ್ತಬಾರದು.”

“ಎತ್ತಲ್ಲ ಕಣಪ್ಪ.”

ಒಂಬತ್ತು ದಿನ ಅವಳು ಆ ಕಾರಿನ ಅಡಿಯಲ್ಲೇ ಸಂಸಾರ ಹೂಡಿದಳು. ಟರ್ಬೊದಿಂದ ಎಣ್ಣೆ ವಾಪಸು ಬರುವ ಕೊಳವೆಗಾಗಿ ಎಂಜಿನ್ನಿನ ತಳದ ಎಣ್ಣೆ ತಟ್ಟೆಗೆ ತೂತು ಕೊರೆದಳು. ಟರ್ಬೊ ಕೂರಿಸಿ ಒಂದೊಂದೇ ಬೋಲ್ಟನ್ನು ಕೈಯಲ್ಲಿ ತಿರುಗಿಸಿ, ಆಮೇಲೆ ಪಾನಾ ಹಾಕಿ ಬಿಗಿದಳು. ಇಂಥ ಕೆಲಸದಲ್ಲಿ ಬಾಯಿ ತೆರೆದ ಕೊಳವೆಗಳೇ ಹೆಚ್ಚು. ಒಳಗೆ ಏನಾದರೂ ಬಿದ್ದರೆ ಕೆಲಸ ಕೆಟ್ಟಿತು. ಅದಕ್ಕೆ ಎಲ್ಲರೂ ಹರಕು ಬಟ್ಟೆ ತುರುಕುತ್ತಾರೆ. ಅತ್ತಿಗೆ ಹಳೆಯ ನೀಲಿ ಚೌಕಳಿ ಹೊದಿಕೆಯನ್ನು ಕತ್ತರಿಯಲ್ಲಿ ನೇರ ಕತ್ತರಿಸಿ, ಅಂಚು ಮಡಚಿ, ಕೊಳವೆಯ ಹೊರಗೆ ಜೋತುಬಿದ್ದು ಕಣ್ಣಿಗೆ ಕಾಣಲೆಂದು ತುಂಡಿಗೊಂದು ಮೊಳದುದ್ದದ ಕೆಂಪು ಬಾಲ ಹೊಲಿಯುತ್ತಿದ್ದಳು. ಒಟ್ಟು ಆರು ಬಟ್ಟೆ. ಆರೂ ಬಾಲ ಗೋಡೆಯ ತಂತಿಗೆ ಬಂದ ಮೇಲೆಯೇ ಕೀಲಿಕೈ ತಿರುಗುವುದು.

“ಎಂಜಿನ್ನಿಗೆ ಲಂಗ ಹೊಲೀತಿದ್ದೀರಾ?” ಅಂತ ಮೈದುನ ಹಲ್ಲು ಕಿಸಿಯುತ್ತಿದ್ದ. ಅವಳು ಕೇಳಿಸದವಳಂತೆ ದಾರ ಪೋಣಿಸುತ್ತಿದ್ದಳು.

ಹತ್ತನೆಯ ದಿನ ಬೆಳಿಗ್ಗೆ ಡಾಕ್ಟರು ಬಂದರು. ತಂತಿಯ ಮೇಲೆ ಆರೂ ಬಟ್ಟೆಗಳಿದ್ದವು. ಟರ್ಬೊಗೆ ಎಣ್ಣೆ ಹುಯ್ದಾಗಿತ್ತು. ಡಾಕ್ಟರು ಚಾಲಕನ ಸೀಟಿನಲ್ಲಿ ಕೂತು ಕೀಲಿಕೈ ತೂರಿಸಿದರು. ಅಷ್ಟರಲ್ಲಿ ಅತ್ತಿಗೆಯ ಕಣ್ಣು ಕತ್ತರಿಸಿ ಮಿಕ್ಕು ಮೇಜಿನ ಮೇಲಿದ್ದ ಚೌಕಳಿ ಹೊದಿಕೆಯ ಮೇಲೆ ಬಿತ್ತು. ಅದರ ಒಂದು ಅಂಚು ಸೊಟ್ಟಗಿತ್ತು, ಎಳೆಗಳು ಜೋತಾಡುತ್ತಿದ್ದವು. ಅವಳು ಬಟ್ಟೆ ಕತ್ತರಿಸುತ್ತಾಳೆಯೇ ಹೊರತು ಹರಿಯುವವಳಲ್ಲ.

“ನಿಲ್ಲಿಸಿ!” ಅಂತ ಕೂಗಿ, ಕಿಟಕಿಯೊಳಗೆ ಕೈ ಹಾಕಿ ಕೀಲಿಕೈಯನ್ನೇ ಕಿತ್ತುಕೊಂಡಳು. “ಈ ಬಟ್ಟೆ ಹರಿದವರು ಯಾರು?”

“ಯಾರೋ ಕೈ ಒರೆಸ್ಕೊಂಡಿರ್ತಾರೆ ಬಿಡಿ ಅತ್ತಿಗೆ,” ಅಂದ ಮೈದುನ.

ಅವಳು ಕಸದ ಡಬ್ಬಿಯನ್ನು ನೆಲಕ್ಕೆ ಬೋರಲು ಹಾಕಿ ಕೆದಕಿದಳು. ಚೌಕಳಿಯ ಒಂದು ಚೂರೂ ಇರಲಿಲ್ಲ.

“ಒಂದು ತುಂಡು ಬಟ್ಟೆಗೆ ಇಷ್ಟು ರಾದ್ಧಾಂತವೇನಮ್ಮ?” ಡಾಕ್ಟರು ಸಿಡುಕಿದರು.

“ನೀವು ಬಾಯಲ್ಲಿ ಹತ್ತಿ ಬಿಟ್ಟು ಹೊಲಿಗೆ ಹಾಕ್ತೀರಾ ಡಾಕ್ಟ್ರೇ?”

ಡಾಕ್ಟರು ಕಾರಿನಿಂದ ಕೆಳಗಿಳಿದರು. ಅವಳು ಮೈದುನನ ಕಡೆ ತಿರುಗಿದಳು. “ನಿನ್ನೆ ನಾನು ಊಟಕ್ಕೆ ಹೋದಾಗ ಇಲ್ಲಿದ್ದವನು ನೀನೊಬ್ಬನೇ. ಸರಿಯಾಗಿ ನೆನಪು ಮಾಡ್ಕೊ.”

ಮೈದುನನ ಮುಖ ಬಿಳಿಚಿಕೊಂಡಿತು. “ಪಕ್ಕದ ಅಂಗಡಿಯವನು ಕಬ್ಬಿಣ ಕೊಯ್ತಿದ್ದ ಅತ್ತಿಗೆ. ಪುಡಿ ಹಾರ್ತಿತ್ತು. ಗಾಳಿ ಕೊಳವೆ ಬಾಯಿ ತೆರೆದಿತ್ತು ಅಂತ ನಾನೇ... ಒಂದು ತುಂಡು ಹರಿದು ಗಟ್ಟಿಯಾಗಿ ಒಳಗೆ ತಳ್ಳಿದೆ. ಆಮೇಲೆ ಗಿರಾಕಿ ಬಂದ, ಮರೆತೇಹೋಯ್ತು.”

ಅವಳು ಕಾರಿನಡಿ ತೂರಿ ಗಾಳಿ ಶೋಧಿಸುವ ಡಬ್ಬಿ ಬಿಚ್ಚಿದಳು. ಬೆರಳು ಎಟುಕಲಿಲ್ಲ. ತಂತಿಯೊಂದನ್ನು ಕೊಕ್ಕೆ ಮಾಡಿ ಕೊಳವೆಯ ತಿರುವಿನಾಚೆ ತೂರಿಸಿ ಎಳೆದಳು. ಮುದ್ದೆಯಾದ ನೀಲಿ ಚೌಕಳಿ ಈಚೆ ಬಂತು. ಅದರಾಚೆ ಎರಡು ಗೇಣು ದೂರದಲ್ಲಿ ಟರ್ಬೊದ ಚಕ್ರವಿತ್ತು. ಕೀಲಿಕೈ ತಿರುಗಿದ್ದರೆ ಬಟ್ಟೆ ಸೀದಾ ಅದರ ರೆಕ್ಕೆಗಳಿಗೆ ಸುತ್ತಿಕೊಳ್ಳುತ್ತಿತ್ತು.

ಎಲ್ಲವನ್ನೂ ಮತ್ತೆ ಬಿಗಿದು, ಕೀಲಿಕೈಯನ್ನು ಡಾಕ್ಟರಿಗೆ ಕೊಟ್ಟಳು. ಎಂಜಿನ್ ಒಂದೇ ಸಲಕ್ಕೆ ಎದ್ದಿತು. ಬಿಸಿಯಾಗುವವರೆಗೆ ಅತ್ತಿಗೆ ಸುತ್ತ ಬಗ್ಗಿ ನೋಡಿದಳು, ಎಲ್ಲೂ ಒಂದು ಹನಿ ಎಣ್ಣೆ ಸೋರಲಿಲ್ಲ. ಡಾಕ್ಟರು ಮುಖ್ಯರಸ್ತೆಗೆ ಹೋಗಿ ತಿರುಗಿ ಬಂದಾಗ ಅವರ ಮುಖ ನೋಡಬೇಕಿತ್ತು. ಐವತ್ತು ದಾಟಿದ ಮನುಷ್ಯ ಸುಮ್ಮಸುಮ್ಮನೆ ನಗುತ್ತಿದ್ದರು. “ಇದು ನನ್ನ ಕಾರೇನಾ?” ಅಂದರು. ಅತ್ತಿಗೆಯ ಎದೆ ಉಬ್ಬಿಬಂತು. ಆ ಹೆಮ್ಮೆಯನ್ನು ಅವಳು ಮುಚ್ಚಿಡಲಿಲ್ಲ.

ಮೈದುನ ಚೀಟಿ ತಂದ. ಡಾಕ್ಟರ ಎದುರಿಗೇ ಅದನ್ನು ಗೋಡೆಗೆ ಒತ್ತಿ ಹಿಡಿದು, ಕೆಳಗಿನ ಗಿಡ್ಡ ಗೆರೆಯ ಮೇಲೆ, ‘ಸಹಾಯಕರು’ ಅಂತಿದ್ದ ಕಡೆ, ತನ್ನ ಸಹಿ ಹಾಕಿದ. ಅವನ ಅಗಲದ ಸಹಿ ಅಲ್ಲಿ ಹಿಡಿಸಲಿಲ್ಲ, ಕೊನೆಯ ಅಕ್ಷರಗಳನ್ನು ಇರುಕಿಸಬೇಕಾಯಿತು. ಇಷ್ಟು ಇಕ್ಕಟ್ಟು ಅಂತ ಅವನಿಗೆ ಇವತ್ತೇ ಗೊತ್ತಾದದ್ದು.

“ನಾನು ಮಾಡಿದ್ದಕ್ಕೆ ಸಹಾಯ ಅನ್ನೋದೂ ಹೆಚ್ಚೇ,” ಅಂದ ತಲೆ ತಗ್ಗಿಸಿ. “ಮೇಲಿನದು ನಿಮ್ದು ಅತ್ತಿಗೆ.”

ಅವಳು ಆ ಹರಕು ಚೌಕಳಿಯಲ್ಲೇ ಕೈ ಒರೆಸಿಕೊಂಡು ಪೆನ್ನು ತೆಗೆದುಕೊಂಡಳು. ಹನ್ನೆರಡು ವರ್ಷ ಚಿಕ್ಕದಾಗಿಸಿ ಬರೆದ ಸಹಿಯನ್ನು ಉದ್ದ ಗೆರೆಯ ಈ ತುದಿಯಿಂದ ಆ ತುದಿಯವರೆಗೂ ಹಾಕಿದಳು. ಚೀಟಿಯ ಅಂಚಿಗೆ ಎಣ್ಣೆಯ ಹೆಬ್ಬೆಟ್ಟು ಮೂಡಿತು. ಅದೂ ಇರಲಿ ಅಂದುಕೊಂಡಳು.