ಅಡ್ಮಿನ್ ದೊಡ್ಡಪ್ಪ ಮತ್ತು ಅತ್ತೆಯ ಕೈಮುಗಿದ ಚಿತ್ರ

ನಮ್ಮ ದೊಡ್ಡಪ್ಪನದು ಹಾಸಿಗೆ ಅಂಗಡಿ. ಹೊಲಿದಿಟ್ಟ ಹಾಸಿಗೆಗಳ ರಾಶಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಗಿರಾಕಿ ಬಂದರೂ ತಲೆ ಎತ್ತದೆ ಫೋನ್ ನೋಡುವುದೇ ಅವನ ಕೆಲಸ. ಹತ್ತಿ ತುಂಬುವುದು, ಹೊಲಿಯುವುದು, ಬೆನ್ನುನೋವು ಎಲ್ಲ ದೊಡ್ಡಮ್ಮನ ಪಾಲು. ಯಾವ ಪುಣ್ಯಾತ್ಮ ಇವನನ್ನು ಮನೆಯವರ ವಾಟ್ಸಾಪ್ ಗ್ರೂಪಿಗೆ ಅಡ್ಮಿನ್ ಮಾಡಿದನೋ, ಅವತ್ತಿನಿಂದ ಇವನಿಗೆ ತಲೆ ಮೇಲೆ ಕೊಂಬು ಬಂತು.

ಒಮ್ಮೆ ಮಸೀದಿಯಲ್ಲಿ ನಮಾಜ್ ಮುಗಿದ ಮೇಲೆ ಇಮಾಮರು ಎಮೋಜಿಗಳ ಬಗ್ಗೆ ಮಾತಾಡಿದರು. ಶಿಲುಬೆ, ವಿಗ್ರಹ, ಬೇರೆಯವರ ಆರಾಧನೆಯ ಗುರುತುಗಳು ನಮಗೆ ಬೇಡ, ದೃಷ್ಟಿಮಣಿ ನಮ್ಮನ್ನು ಕಾಯುತ್ತದೆ ಅಂತ ನಂಬಿ ಕಳಿಸಬೇಡಿ ಅಂದರು. ಯಾರಾದರೂ ಗೊತ್ತಿಲ್ಲದೆ ಕಳಿಸಿದರೆ ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿ, ಅವರ ನಿಯ್ಯತ್ತು, ಮನಸ್ಸಿನ ಉದ್ದೇಶ, ಅಲ್ಲಾಹನಿಗೆ ಗೊತ್ತು ಅಂತಲೂ ಅಂದರು. ಅಷ್ಟು ಹೊತ್ತಿಗೆ ದೊಡ್ಡಪ್ಪ ಚಪ್ಪಲಿ ಹುಡುಕಲು ಎದ್ದು ಹೋಗಿದ್ದ.

ಆಮೇಲೆ ಶುರುವಾಯಿತು ನೋಡಿ ಇವನ ದರ್ಬಾರು. ನನ್ನ ಅಕ್ಕ ಹೆರಿಗೆಯಾದ ಸುದ್ದಿ ಹೇಳಿ ಆಸ್ಪತ್ರೆಯ ಎಮೋಜಿ ಹಾಕಿದರೆ, "ಮಗೂಗೆ ಒಳ್ಳೇದಾಗ್ಲಿ, ಆಸ್ಪತ್ರೆ ಮೇಲಿನ ಶಿಲುಬೆ ತೆಗಿ" ಅಂತ ಬರೆದ. ಕೊಂಬಿನ ಮುಖ ಹಾಕಿದ ನನ್ನ ತಮ್ಮನಿಗೆ, "ಶೈತಾನನ ದೋಸ್ತಿ ಯಾವಾಗಿಂದ?" ಅಂದ. "ಅಣ್ಣನ ಹತ್ರ ಯಾರು ಬಾಯಿ ಕೊಡ್ತಾರೆ" ಅಂತ ನಮ್ಮಪ್ಪ ಸುಮ್ಮನಾದ. ಇಷ್ಟು ಜನರಲ್ಲಿ ಒಬ್ಬರಿಗೂ ಉಸಿರೆತ್ತುವ ಧೈರ್ಯ ಇಲ್ಲ, ಥೂ.

ಅತ್ತೆ, ಅಂದರೆ ದೊಡ್ಡಪ್ಪನ ತಂಗಿ, ಬೇರೆ ಊರಿನ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಾಳೆ. ಓದು ಬರಹ ಬಾರದು. ಗ್ರೂಪಿನಲ್ಲಿ ಅವಳದು ಬರೀ ಧ್ವನಿ, ಕೊನೆಗೊಂದು ಚಿತ್ರ. ಅವಳ ಗಂಡ, ಅಂದರೆ ನಮ್ಮ ಮಾವನಿಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದಾಗ, "ಎಲ್ರೂ ದುವಾ ಮಾಡಿ, ನಂಗೆ ಭಯ ಆಗ್ತಿದೆ" ಅಂತ ಅಳುತ್ತಾ ಹೇಳಿ, ಕೈಮುಗಿದ ಚಿತ್ರ ಹಾಕಿದಳು. ದುವಾಗೆ ಎತ್ತಿದ ಅಂಗೈಗಳ ಚಿತ್ರವೂ ಅಲ್ಲೇ ಆಸುಪಾಸಿನಲ್ಲಿರುತ್ತದೆ. ಗಾಬರಿಯಲ್ಲಿ ಯಾವುದೋ ಒಂದು ಕೈ ಒತ್ತಿದ್ದಾಳೆ, ಪಾಪ.

"ಇದು ಮುಸಲ್ಮಾನರ ಕೈ ಅಲ್ಲ. ಅಳಿಸು" ಅಂತ ದೊಡ್ಡಪ್ಪ ಬರೆದ. ಓದಲು ಬಾರದವಳಿಗೆ ಬರೆದು ಎಚ್ಚರಿಕೆ ಕೊಡುವ ಮಹಾಜಾಣ! ಮರುದಿನ ಬೆಳಿಗ್ಗೆ ಮತ್ತೆ ಅದೇ ಕೈ ಬಂತು. ಇವನು ಅವಳನ್ನು ಗ್ರೂಪಿನಿಂದಲೇ ಕಿತ್ತುಹಾಕಿದ.

ನನಗೆ ಮೈಯೆಲ್ಲ ಉರಿದುಹೋಯಿತು. ಅತ್ತೆಗೆ ಫೋನ್ ಮಾಡಿದರೆ, ಆಸ್ಪತ್ರೆಯ ಓಡಾಟದಲ್ಲಿದ್ದಳೇನೋ, ಎತ್ತಲಿಲ್ಲ. ನೇರ ಅಂಗಡಿಗೆ ಹೋದೆ.

"ದೊಡ್ಡಪ್ಪಾ, ಮಾವ ಅಲ್ಲಿ ಸಾಯೋ ಸ್ಥಿತೀಲಿದ್ದಾರೆ. ಏನಾದ್ರೂ ಆದ್ರೆ ಅತ್ತೆ ಯಾರಿಗೆ ಹೇಳ್ಬೇಕು? ವಾಪಸ್ ಸೇರಿಸಿ."

"ದೀನು-ಧರ್ಮ ಮೊದಲು, ನೆಂಟಸ್ತಿಕೆ ಆಮೇಲೆ. ತಪ್ಪಾಯ್ತು ಅನ್ಲಿ, ಸೇರಿಸ್ತೀನಿ."

"ಏನು ತಪ್ಪು ಅಂತ ಅವಳಿಗೆ ಗೊತ್ತೇ ಇಲ್ವಲ್ಲ!"

"ಗೊತ್ತು ಮಾಡ್ಕೊಳ್ಲಿ."

ಇಂಥ ಕಲ್ಲಿನ ಹತ್ತಿರ ಏನು ಮಾತು? ಇಮಾಮರ ಮನೆಗೆ ಹೋಗಿ ಹೇಳಿದೆ. "ಒಡಹುಟ್ಟಿದವಳು ಕಷ್ಟದಲ್ಲಿರುವಾಗ ನಂಟು ಕಡಿಯೋದಾ? ಅದಕ್ಕಿಂತ ದೊಡ್ಡ ತಪ್ಪು ಆ ಚಿತ್ರದಲ್ಲಿಲ್ಲ" ಅಂತ ನೊಂದುಕೊಂಡು, ನನ್ನೆದುರಿಗೇ ದೊಡ್ಡಪ್ಪನಿಗೆ ಫೋನ್ ಮಾಡಿದರು. ಇವನು "ಜೀ, ಜೀ, ಈಗ್ಲೇ" ಅಂದ. ಸೇರಿಸಲಿಲ್ಲ. ಅಷ್ಟು ಬೇಗ ಸೇರಿಸಿದರೆ ಗತ್ತು ಏನಾಗಬೇಕು?

ಅದೇ ಮಧ್ಯಾಹ್ನ ಮಾವ ತೀರಿಕೊಂಡರು. ನಮಗೆ ಹೇಳಲು ಅತ್ತೆ ಗ್ರೂಪು ತೆರೆದರೆ, ಮಾತಾಡಲು ಒತ್ತುವ ಗುಂಡಿಯೇ ಇಲ್ಲ, ಆ ಜಾಗದಲ್ಲಿ ಏನೋ ಬರೆದಿದೆ. ಅದನ್ನು ನರ್ಸಿಗೆ ತೋರಿಸಿದಳು. "ನೀವು ಈ ಗ್ರೂಪಲ್ಲಿ ಇಲ್ಲ ಅಂತಿದೆ ಅಮ್ಮಾ" ಅಂದಳಂತೆ ನರ್ಸು. ಆಮೇಲೆ ಅತ್ತೆ ನಮ್ಮಲ್ಲಿ ಯಾರಿಗೂ ಫೋನ್ ಮಾಡಲಿಲ್ಲ, ನಾವು ಮಾಡಿದ್ದನ್ನೂ ಎತ್ತಲಿಲ್ಲ. ಅಕ್ಕಪಕ್ಕದ ಮನೆಯವರೇ ಮಾವನ ಮಯ್ಯತ್ತಿಗೆ ಸ್ನಾನ ಮಾಡಿಸಿ, ಹೆಗಲು ಕೊಟ್ಟು, ಮಣ್ಣು ಮಾಡಿದರು. ಲಾಂಡ್ರಿ ಯಜಮಾನ ಮರುದಿನ ಅಪ್ಪನಿಗೆ ಫೋನ್ ಮಾಡಿದಾಗಲೇ ನಮಗೆ ಗೊತ್ತಾದದ್ದು.

ಎಲ್ಲರೂ ಬಸ್ಸು ಹತ್ತಿ ಓಡಿದೆವು. ದೊಡ್ಡಪ್ಪ ಅವಳ ಮುಂದೆ ಕೂತು, "ಒಂದು ಫೋನ್ ಮಾಡಬಾರದಿತ್ತಾ?" ಅಂತ ಅವಳನ್ನೇ ಕೇಳಿದ! ಇವನು ಜೇಬಿನಿಂದ ಫೋನ್ ತೆಗೆದು ಒತ್ತಿದ.

"ಇಗೋ, ಸೇರಿಸಿದೀನಿ."

"ತೆಗೆದುಬಿಡು ಅಣ್ಣಾ," ಅಂದಳು ಅತ್ತೆ. "ಅದರಲ್ಲಿ ಹೇಳೋಕೆ ನನ್ ಹತ್ರ ಒಂದೇ ಒಂದು ಸುದ್ದಿ ಇತ್ತು. ಅದನ್ನ ಪಕ್ಕದ ಮನೆಯವರಿಗೆ ಹೇಳಿ ಮುಗಿಸಿದೆ."