ಮಾರೆಕ್ಕಜ್ಜಿಯ ಹಾರದ ಫೋಟೋ

ಕಂಪ್ಯೂಟರಿನ ಕಸದ ಬುಟ್ಟಿ ಖಾಲಿ ಮಾಡಿದಾಗ ಕಾಗದ ಮುದುರಿದಂಥ ಒಂದು ಸದ್ದು ಬರುತ್ತದಲ್ಲ, ನೀವೂ ಕೇಳಿರುತ್ತೀರಿ. ಇವತ್ತು ಬೆಳಿಗ್ಗೆ ನನ್ನ ಸ್ಟುಡಿಯೋದಲ್ಲಿ ಆ ಸದ್ದು ಬಂದಾಗ ಕುರ್ಚಿಯಿಂದ ಎದ್ದುಬಿಟ್ಟೆ. ರಿಪೇರಿಗೆ ಬಂದಿದ್ದವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, ಏನು ಮಾಡಿದರೂ ಹೋಗದೆ ಕೂತಿದ್ದ ಫೈಲುಗಳೆಲ್ಲ ತೊಲಗಿದವು, ಇನ್ನು ಯಂತ್ರ ಹಗುರವಾಗಿ ಓಡುತ್ತದೆ ಎಂದರು. ನಾನು ಅವರನ್ನು ಕರೆಸಿದ್ದೂ ಅದಕ್ಕೇ. ಆದರೆ ಆ ಹಟಮಾರಿಗಳ ಗುಂಪಿನಲ್ಲಿ ಮಾರೆಕ್ಕಜ್ಜಿಯೂ ಇದ್ದಾಳೆ ಎಂಬುದು ಸದ್ದು ಕೇಳಿದ ಮೇಲೆ ನೆನಪಾಯಿತು.

ರಾಯದುರ್ಗದಲ್ಲಿ ಸ್ಟುಡಿಯೋ ಇಟ್ಟವನು ಫೋಟೋ ತೆಗೆದು ಬದುಕುತ್ತಾನೆ ಎಂದುಕೊಳ್ಳಬೇಡಿ. ಈಗ ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ, ಬಹಳ ಜನ ನನಗಿಂತ ಚೆನ್ನಾಗಿಯೇ ತೆಗೆಯುತ್ತಾರೆ. ನನ್ನ ಅನ್ನ ಫ್ಲೆಕ್ಸಿನದು. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಹೆಣ ಎತ್ತುವುದರೊಳಗೆ ಊರ ಬಾಗಿಲಲ್ಲಿ ಅವರ ಫ್ಲೆಕ್ಸ್ ನಿಂತಿರಬೇಕು. ಊರು ಆಂಧ್ರದ್ದಾದ್ದರಿಂದ ಅಕ್ಷರ ತೆಲುಗಿನಲ್ಲಿ, ಅದರ ಕೆಳಗೆ ಕೂತು ಅಳುವುದು ಕನ್ನಡದಲ್ಲಿ. ನಾನು ಇಲ್ಲಿ ಡಿಸೈನ್ ಮಾಡಿ ಕಳಿಸಿದರೆ ಬಳ್ಳಾರಿಯಲ್ಲಿ ಪ್ರಿಂಟ್ ಆಗಿ ಬಸ್ಸಿನಲ್ಲಿ ಬರಬೇಕು. ಹಾಗಾಗಿ ಕಾಯಿಲೆಯವರು ಕೈಬಿಟ್ಟು ಹೋಗುವಂತಿದ್ದರೆ ಮನೆಯ ಜಾಣರು ಕೊಂಚ ಮುಂಚೆಯೇ ಫೋನ್ ಮಾಡಿಬಿಡುತ್ತಾರೆ. ಕೇಳಲು ಒಂಥರಾ ಆಗುತ್ತದೆ, ನಿಜ. ಆದರೆ ಫ್ಲೆಕ್ಸ್ ಇಲ್ಲದ ಸಾವು ಎಂದು ನೆಂಟರು ಆಡಿಕೊಳ್ಳಬಾರದಲ್ಲ.

ಗುಮ್ಮಘಟ್ಟದ ಕಡೆಯ ಕುರಿಗಾರ ತಿಪ್ಪೇಸ್ವಾಮಿ ಅಂಥ ಜಾಣ. ಅವನ ತಾಯಿ ಮಾರೆಕ್ಕಜ್ಜಿ ಬಳ್ಳಾರಿಯ ಆಸ್ಪತ್ರೆಯಲ್ಲಿ ಕಣ್ಣು ಬಿಡದೆ ಮಲಗಿದ್ದಳು. ಆಸೆ ಇಟ್ಟುಕೊಳ್ಳಬೇಡಿ ಎಂದರಂತೆ ಡಾಕ್ಟರು. ತಿಪ್ಪೇಸ್ವಾಮಿ ಅಳುತ್ತಲೇ ಯಾವುದೋ ಮದುವೆಯ ಗುಂಪು ಫೋಟೋ ಕಳಿಸಿದ. ನಾನು ಅದರೊಳಗಿಂದ ಅಜ್ಜಿಯನ್ನು ಬಿಡಿಸಿ, ಅವಳ ಭುಜದ ಮೇಲಿದ್ದ ಯಾರದೋ ಕೈಯನ್ನು ಅಳಿಸಿ, ಕೊರಳಿಗೆ ಗುಲಾಬಿ ಹಾರ ಹಾಕಿ, ಎರಡೂ ಕಡೆ ದೀಪ ಹಚ್ಚಿದೆ. ಚೆನ್ನಾಗಿಯೇ ಬಂದಿತ್ತು. ಫ್ಲೆಕ್ಸ್ ಊರು ಸೇರಿದ ಮರುದಿನ ಅಜ್ಜಿ ಕಣ್ಣು ಬಿಟ್ಟು ಮಜ್ಜಿಗೆ ಕೇಳಿದಳು.

ಮನೆಗೆ ಮರಳಿದ ಮೇಲೆ ಜೋಳದ ಚೀಲಗಳ ಹಿಂದೆ ಸುತ್ತಿಟ್ಟ ಫ್ಲೆಕ್ಸ್ ಅವಳ ಕೈಗೇ ಸಿಕ್ಕಿತು. ಓದು ಬಾರದು, ಆದರೆ ಹಾರ ಯಾರಿಗೆ ತಿಳಿಯುವುದಿಲ್ಲ? ಮಗನನ್ನು ಅವಳು ಬೈಯಲಿಲ್ಲವಂತೆ. ಗಟ್ಟಿಯಾಗಿದೆ ಎಂದು ಅದನ್ನು ಕುರಿಮರಿಗಳ ಗೂಡಿನ ಮೇಲೆ, ಮುಖ ಒಳಗಾಗುವಂತೆ ಹೊದಿಸಿದಳು. ಆಮೇಲೆ ತಿಪ್ಪೇಸ್ವಾಮಿ ಬಾಯಿತಪ್ಪಿ, ಅದರ ಮೂಲ ಸ್ಟುಡಿಯೋದ ಕಂಪ್ಯೂಟರಿನಲ್ಲಿ ಇರುತ್ತದೆ ಎಂದುಬಿಟ್ಟ. ಅಜ್ಜಿ ಆಟೋ ಹತ್ತಿ ನೇರವಾಗಿ ನನ್ನ ಹತ್ತಿರ ಬಂದಳು.

"ಗೂಡಿನ ಮ್ಯಾಲಿಂದು ಮರಿಗಳಿಗೆ ನೆಳ್ಳಾತು, ಅದರದೇನಿಲ್ಲ," ಎಂದಳು. "ಇದರಾಗ ಇರೋ ನನ್ನ ತಗದುಬಿಡಪ್ಪ. ಕೊಳ್ಳಾಗ ಹಾರ ಐತಿ ಅಂತ ನೆನಪಾದ್ರ ಉಂಡಿದ್ದು ಒಳಗ ಇಳೀವಲ್ದು."

ಆಸ್ಪತ್ರೆಯಿಂದ ಬದುಕಿ ಬಂದವಳು ಒಂದು ಫೋಟೋಗೆ ಹೆದರಿ ಅರ್ಧ ಆಗಿದ್ದಳು. ಇದೇನು ಮಹಾ ಅಜ್ಜಿ, ಒಂದು ಗುಂಡಿ ಒತ್ತಿದರೆ ಆಯಿತು ಎಂದು ಗತ್ತಿನಿಂದ ಒತ್ತಿದೆ. ಅಜ್ಜಿ ಮಾಯವಾದಳು. ನಾನು ಕುರ್ಚಿ ತಿರುಗಿಸಿ ಅವಳ ಕಡೆ ನೋಡಿ ನಗುವಷ್ಟರಲ್ಲಿ ಪರದೆಯ ಮೇಲೆ ಮತ್ತೆ ಬಂದು ಕೂತಿದ್ದಳು, ಹಾರದ ಸಮೇತ. ಮತ್ತೆ ಅಳಿಸಿದೆ, ಮತ್ತೆ ಬಂದಳು. ಆಮೇಲಂತೂ ಯಂತ್ರ, ಈ ಫೈಲ್ ಬೇರೆ ಕಡೆ ತೆರೆದಿದೆ, ಅಳಿಸಲು ಬರುವುದಿಲ್ಲ ಎಂದು ನನಗೇ ಬುದ್ಧಿ ಹೇಳಿತು. ಬಳ್ಳಾರಿಯ ಪ್ರೆಸ್ಸಿನವರೂ ನಾನೂ ಹಂಚಿಕೊಂಡಿದ್ದ ಫೋಲ್ಡರ್ ಅದು. ಇಲ್ಲಿ ಅಳಿಸಿದ್ದನ್ನು ಅಲ್ಲಿನ ಕಂಪ್ಯೂಟರ್ ವಾಪಸು ಕಳಿಸುತ್ತಿತ್ತು ಎಂದು ಆಮೇಲೆ ಯಾರೋ ಹೇಳಿದರು. ಆಗ ನನಗೆ ತಿಳಿದಿದ್ದ ಕಂಪ್ಯೂಟರ್ ವಿದ್ಯೆ ಎಂದರೆ ಆಫ್ ಮಾಡಿ ಆನ್ ಮಾಡುವುದು. ಅದನ್ನೂ ಮಾಡಿದೆ. ಯಂತ್ರ ನಿಧಾನವಾಗಿ ಎಚ್ಚರಗೊಂಡು ಮತ್ತೆ ಅದೇ ಮುಖ ತೋರಿಸಿತು.

ಇನ್ನೇನು ಅಳುತ್ತಾಳೆ ಎಂದು ಹೆದರಿ ಅವಳ ಕಡೆ ತಿರುಗಿದೆ. ಅಜ್ಜಿ ಮುಂದಕ್ಕೆ ಬಾಗಿ ಪರದೆಯನ್ನು ನೋಡುತ್ತಿದ್ದಳು. ನೋಡುತ್ತ ನೋಡುತ್ತ ಮೈ ಕುಲುಕಿಸಿ ನಗತೊಡಗಿದಳು.

"ಈಕಿನೂ ನನ್ನಂಗ ಮೊಂಡಿ ಅದಾಳ. ಹೋಗಂದ್ರೂ ಹೋಗವಲ್ಲಳು. ಇರ್ಲಿ ಬಿಡಪ್ಪ, ತಗೀಬ್ಯಾಡ."

ಆಮೇಲೆ ಸೆರಗಿನ ಗಂಟು ಬಿಚ್ಚಿ, ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು, ರೊಟ್ಟಿ ಚಟ್ನಿ ತಿಂದಳು. ಒಬ್ಬರು ತಿನ್ನುವುದನ್ನು ನೋಡಿ ನನಗೆ ಅಷ್ಟು ಸಂತೋಷವಾದದ್ದು ಅದೇ ಮೊದಲು. ಅಂದಿನಿಂದ ಸಂತೆಗೆ ಬಂದಾಗಲೆಲ್ಲ ಬಾಗಿಲಲ್ಲಿ ನಿಂತು, ಇದರಾಗ ಇನ್ನಾ ಅದೀನೇನಪ್ಪ ಎಂದು ಕೇಳುತ್ತಾಳೆ. ನಾನು ಕೆಲಸ ಬಿಟ್ಟು ಫೈಲ್ ತೆರೆದು ತೋರಿಸಬೇಕು. ನೋಡಿಕೊಂಡು ನೆಮ್ಮದಿಯಾಗಿ ಸಂತೆಗೆ ಹೋಗುತ್ತಾಳೆ. ಅವಳು ಬಾರದ ವಾರ ನಾನೇ ಸುಮ್ಮನೆ ತೆರೆದು ನೋಡಿದ್ದುಂಟು. ಹೆಸರಿಗೆ ಗಿರಾಕಿ, ನನ್ನ ಪಾಲಿಗೆ ಯಾವಾಗಲೋ ನಮ್ಮ ಮನೆಯ ಅಜ್ಜಿಯೇ ಆಗಿದ್ದಳು.

ಇವತ್ತು ಸಂತೆ. ರಿಪೇರಿಯವರು ಹೋದ ಸ್ವಲ್ಪ ಹೊತ್ತಿಗೆ ಅಜ್ಜಿ ಬಂದು ಎಂದಿನಂತೆ ಕೇಳಿದಳು. ಸುಳ್ಳು ಹೇಳೋಣ ಎಂದರೆ ತೋರಿಸು ಅನ್ನುತ್ತಾಳೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಹೋಯಿತು ಅಜ್ಜಿ, ರಿಪೇರಿಯವರು ಬಳ್ಳಾರಿಯ ಕಂಪ್ಯೂಟರಿನಿಂದಲೂ ತೆಗೆದುಬಿಟ್ಟರು. ಹೇಳಿ, ಅವಳ ಮುಖ ನೋಡಲಾಗದೆ ಕೀಬೋರ್ಡಿನ ಧೂಳು ಒರೆಸುತ್ತ ಕೂತೆ.

ಅಜ್ಜಿ ಕೈಯೆತ್ತಿ ಕೊರಳನ್ನೊಮ್ಮೆ ಸವರಿಕೊಂಡಳು.

"ಹಂಗಾದ್ರ ಹಾರನೂ ಹೋತಲ್ಲ," ಎಂದಳು. "ಆವಾಗ ನನ್ನ ಕೇಳದಂಗ ಮಾಡಿದ್ರಿ. ಈಗ ನಾನಾ ಕುಂದರ್ತೀನಿ, ತಗಿ."

ಬೀರುವಿನಿಂದ ಕ್ಯಾಮೆರಾ ಹೊರಬಂತು. ಅಜ್ಜಿ ಸ್ಟೂಲಿನ ಮೇಲೆ ಕೂತು, ಅಂಗೈ ಒದ್ದೆ ಮಾಡಿಕೊಂಡು ಕೂದಲು ತೀಡಿ, ಸೆರಗು ಸರಿಮಾಡಿಕೊಂಡಳು. ನಾನು ಕಣ್ಣು ಕಿರಿದು ಮಾಡಿ ಬೆರಳಿಟ್ಟೆ.

"ತಡಿಯಪ್ಪ, ಇನ್ನಾ ನಕ್ಕಿಲ್ಲ."

ಬೆರಳು ತೆಗೆದೆ. ನಮ್ಮಿಬ್ಬರಿಗೂ ಅವಸರವೇನೂ ಇರಲಿಲ್ಲ.